ಕಿವಿಗೂ ಒಂದು ತವರುಮನೆ

ಹೆಮ್ಮಾಡಿಯ ಮನೆಯೊಂದರಲ್ಲಿ ಮದುವೆಯ ಮುನ್ನಾದಿನದ ರೋಸ್. ತೆಂಗಿನ ಹಾಲು ಹಚ್ಚುವ ಹೊತ್ತಿಗೆ ಅಜ್ಜಿಯೊಬ್ಬರು ವೊವಿಯೊ ಎತ್ತಿಕೊಂಡರು. ಇಬ್ಬರು ಹಿರಿಯರು ಗುಮಟೆ ನುಡಿಸಿದರು. ಅಂಗಳದ ತರುಣರಿಗೆ ಇದು ಎಂದು ಮುಗಿದೀತೋ ಎಂಬ ಚಡಪಡಿಕೆ. ಬಾಡಿಗೆಗೆ ತಂದ ಧ್ವನಿವರ್ಧಕಗಳು ಸಾಲಾಗಿ ಕಾಯುತ್ತಿದ್ದವು. "ಫಾದರ್, ಈಗಿನ ಮಕ್ಕಳಿಗೆ ಸಂಗೀತದ ರುಚಿಯೇ ಇಲ್ಲ" ಎಂದು ಅಜ್ಜಿ ನನ್ನಲ್ಲಿ ದೂರಿದರು.

ತೀರ್ಪು ನೀಡುವ ಅರ್ಹತೆ ನನಗಿರಲಿಲ್ಲ. ಗುರುಮಠದಲ್ಲಿ ಗ್ರೆಗೋರಿಯನ್ ಗಾನವನ್ನು ಅಭ್ಯಸಿಸಿ ಬಂದ ಮೊದಲ ವರ್ಷಗಳಲ್ಲಿ, ಬಾಲ್ಯದಲ್ಲಿ ಕೇಳಿದ ಗುಮಟೆಯೇ ನನಗೆ ಒರಟಾಗಿ ಕೇಳಿಸತೊಡಗಿತ್ತು. ಹಬ್ಬದ ಮೆರವಣಿಗೆಗೆ ಅದು ಬೇಡವೆಂದು ಒಮ್ಮೆ ನಾನೇ ತಡೆದದ್ದುಂಟು. ಅದನ್ನು ಅಭಿರುಚಿಯ ಪರಿಷ್ಕಾರವೆಂದು ಭಾವಿಸಿದ್ದೆ. ಬದಲಾದದ್ದು ಬರಿಯ ಅಭ್ಯಾಸವೆಂಬುದು ಹೊಳೆಯಲು ಹತ್ತು ವರ್ಷ ಹಿಡಿಯಿತು.

ಲಯವು ಎಳೆಯ ಆತ್ಮದ ಒಳಮನೆಗೆ ಇಳಿಯುತ್ತದೆಂದು ಪ್ಲೇಟೋ 'ರಿಪಬ್ಲಿಕ್'ನ ಮೂರನೆಯ ಭಾಗದಲ್ಲಿ ವಾದಿಸುತ್ತಾನೆ. ಅರ್ಥವಾಗದ ಪದಗಳು ಕೂಡ ಮತ್ತೆಮತ್ತೆ ಎದುರಾದಾಗ ಹಿಡಿಸತೊಡಗುತ್ತವೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜೈಯೆಂಕ್ 1968ರಲ್ಲಿ ತೋರಿಸಿದನು. ಬೊಲಿವಿಯಾದ ಅಮೆಜಾನ್ ಕಾಡಿನ ತ್ಸಿಮಾನೆ ಜನರ ಕುರಿತು 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಸ್ವಾರಸ್ಯಕರ. ಪಾಶ್ಚಾತ್ಯ ಸಂಗೀತ ಕೇಳಿ ಬೆಳೆದವರಿಗೆ ಕರ್ಕಶವೆನಿಸುವ ಸ್ವರಗಳ ಕೂಟಗಳು ಆ ಜನರಿಗೆ ಉಳಿದವುಗಳಷ್ಟೇ ಹಿತವಾಗಿದ್ದವು. ಹಾಗಿದ್ದ ಮೇಲೆ ಕಿವಿಯ ತೀರ್ಪನ್ನು ಪ್ರಕೃತಿಯ ತೀರ್ಪೆಂದು ಬಗೆಯುವುದೆಂತು?

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಡಗುತಿಟ್ಟಿನ ಚಂಡೆಯ ಪೆಟ್ಟು ಕೇಳಿದರೆ ಈಗಲೂ ನನ್ನ ಕಾಲು ನಿಲ್ಲುತ್ತದೆ. ಗುಂಡ್ಮಿ ಕಾಳಿಂಗ ನಾವಡರ (1958–1990) ಭಾಗವತಿಕೆಯ ಗುಂಗಿನಲ್ಲಿ ಬೆಳೆದವನು ನಾನು. ಬೆಂಗಳೂರಿನ ಗುರುಮಿತ್ರರೊಬ್ಬರಿಗೆ ಅದೇ ಚಂಡೆ ತಲೆನೋವು. ಇನ್ನು ಗುಮಟೆಯ ಮಾತು: ನಮ್ಮ ಕುಂದಾಪುರ ಸೀಮೆಯ ಕುಡುಬಿ ಬಂಧುಗಳು ಹೋಳಿಯಲ್ಲಿ ಅದೇ ಮಣ್ಣಿನ ವಾದ್ಯವನ್ನು ನುಡಿಸಿ ಕುಣಿಯುತ್ತಾರೆ. ಅವರ ಪೂರ್ವಿಕರೂ ನಮ್ಮವರಂತೆ ಗೋವೆಯಿಂದ ಬಂದವರೇ. ಆದರೆ ಅಲ್ಲಿನ ಹುಡುಗ ಅಪ್ಪನ ಹಿಂದೆ ಹೆಜ್ಜೆ ಹಾಕುತ್ತಲೇ ಗುಮಟೆಯನ್ನು ಕೇಳಿದವನು. ನಮ್ಮ ಹುಡುಗನಿಗೆ ಅದು ಮದುವೆಗೊಮ್ಮೆ ಅಟ್ಟದಿಂದಿಳಿಯುವ ಸಾಮಾನು.

ತಪ್ಪು ಮೊಮ್ಮಕ್ಕಳದ್ದೆಂದು ಹೇಳಲು ನನಗೆ ಮನಸ್ಸಿಲ್ಲ. ಸಂಜೆಯ ತೇರ್ಸದ ಬಳಿಕ ಒಂದು ಕೊಂಕಣಿ ಗೀತೆ ಹಾಡುವ ರೂಢಿಯನ್ನು ಬಿಟ್ಟವರು ಅವರ ತಂದೆತಾಯಿಗಳು. ದೂರದರ್ಶನದ ಸದ್ದಿಗೆ ಎಡೆ ಬಿಟ್ಟುಕೊಟ್ಟವರೂ ಅವರೇ. ಕಳೆದ ಕಿವಿಯನ್ನು ಮರಳಿ ಪಡೆಯಬಹುದೆಂಬುದಕ್ಕೆ ಮಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಾಕ್ಷಿ. 2008ರ ಜನವರಿಯಲ್ಲಿ ಅದು 40 ಗಂಟೆಗಳ ನಿರಂತರ ಕೊಂಕಣಿ ಗಾಯನ ನಡೆಸಿ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗಿಂತಲೂ ಅದಕ್ಕಾಗಿ ನಡೆದ ತಾಲೀಮೇ ನನಗೆ ಮುಖ್ಯವಾಗಿ ಕಾಣುತ್ತದೆ.

ಆ ಸಂಜೆ ಹಿರಿಯ ಮೊಮ್ಮಗನನ್ನು ಕರೆದು, ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದಿಡುವಂತೆ ಹೇಳಿದೆ. ಒಲ್ಲದ ಮನಸ್ಸಿನಿಂದ ಕುಳಿತವನು ಒಂದು ಪದವಾದ ಮೇಲೆ "ಅಜ್ಜಿ, ಇದರರ್ಥವೇನು?" ಎಂದು ಕೇಳಿದ. ಎರಡನೆಯ ಪದವೂ ಆಯಿತು. ಮೂರನೆಯದಕ್ಕೆ ಅಜ್ಜಿಗೆ ಉಸಿರು ಸಾಲಲಿಲ್ಲ. ಉಳಿದದ್ದನ್ನು ನಾಳೆ ಹೇಳುವೆನೆಂದರು.