ಹೋಳಿಗೆಯ ಹದ ಮತ್ತು ಗಡಿನಾಡಿನ ಕ್ರಿಯಾಪದಗಳು

ಗಡಿನಾಡಿನ ಅಡುಗೆಮನೆಯ ಪದಗಳನ್ನು ಸಂಗ್ರಹಿಸುವವರು ತಿನಿಸಿನ ಹೆಸರನ್ನು ಕೇಳಿ ಬರೆದುಕೊಂಡು ಮುಂದೆ ಸಾಗುವುದುಂಟು. ಹೋಳಿಗೆಯ ವಿಷಯದಲ್ಲಿ ಅದು ಸಾಲದು. ಅಕ್ಕಲಕೋಟೆ, ಜತ್ತಗಳಲ್ಲಿ ಅದರ ಮಗ್ಗುಲಿಗೆ ಮರಾಠಿಯ ಪುರಣಪೋಳಿ ಇದೆ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ತೆಲುಗಿನ ಓಳಿಗ, ಬೊಬ್ಬಟ್ಟುಗಳಿವೆ. ಹೊಸೂರು, ತಾಳವಾಡಿಗಳ ಕಡೆ ಒಬ್ಬಟ್ಟಿನ ಎದುರಿಗೆ ತಮಿಳಿನ ಪೋಳಿಯೂ ಕೊಂಗುನಾಡಿನ ಒಪ್ಪುಟ್ಟೂ ಇವೆ. ಬಂದವರಿಗೆ ಒಂದು ಹೆಸರು, ಮನೆಯೊಳಗೆ ಇನ್ನೊಂದು ಹೆಸರು ಬಳಸುವುದು ದ್ವಿಭಾಷಿಕರಿಗೆ ಸಹಜ. ಹೆಸರು ಬದಲಾಯಿತೆಂದು ಭಾಷೆಯೇ ಹೋಯಿತೆಂದು ತೀರ್ಮಾನಿಸುವುದು ಅವಸರದ ಮಾತು. ಕೈಕೆಲಸದ ಪದಗಳು ಕೆಲಸದ ಜೊತೆಗೇ ಕಲಿತವು. ಅವು ತಡವಾಗಿ ಬಿಟ್ಟುಹೋಗುತ್ತವೆ. ಅವುಗಳನ್ನು ಕೇಳಬೇಕಾದರೆ ಹೋಳಿಗೆ ಆಗುವ ಕ್ರಮ ತಿಳಿದಿರಬೇಕು.

ಒಂದು ಬಟ್ಟಲು ಕಡಲೆಬೇಳೆಯನ್ನು (ದಕ್ಷಿಣದ ಮನೆಗಳಲ್ಲಿ ಹೆಚ್ಚಾಗಿ ತೊಗರಿಬೇಳೆ) ಧಾರಾಳವಾಗಿ ನೀರಿಟ್ಟು ಬೇಯಿಸಬೇಕು. ಬೆರಳಲ್ಲಿ ಹಿಸುಕಿದರೆ ಪೂರ್ತಿ ನುರಿಯಬೇಕು, ಆದರೆ ನೀರಿನಲ್ಲಿ ಕರಗಿರಬಾರದು. ಆಗ ಬಸಿದ ನೀರೇ ಕಟ್ಟು. ಬೇಳೆಗೆ ಸುಮಾರು ಒಂದು ಬಟ್ಟಲು ಬೆಲ್ಲ ಸೇರಿಸುವುದು ಬಸಿದ ಮೇಲೆಯೇ. ಮೊದಲೇ ಹಾಕಿದರೆ ಬೆಲ್ಲವು ಬೇಳೆ ಮೆತ್ತಗಾಗುವುದನ್ನು ತಡೆಯುತ್ತದೆ. ಅರೆದ ಮೇಲೂ ತರಿ ಉಳಿದು, ಆ ತರಿಯೇ ಮುಂದೆ ಕಣಕವನ್ನು ಹರಿಯುತ್ತದೆ. ಬೆಲ್ಲ ಕರಗಿದಾಗ ಮಿಶ್ರಣ ನೀರಾಗುತ್ತದೆ. ಗಾಬರಿಯಾಗದೆ, ನೆಟ್ಟ ಸೌಟು ನೆಟ್ಟಗೆ ನಿಲ್ಲುವವರೆಗೆ ಕೈಯಾಡಿಸಬೇಕು. ಆರಿದ ಮೇಲೆ ಅದು ಇನ್ನೂ ಬಿಗಿಯುವುದರಿಂದ ಬಿರುಸಾಗುವವರೆಗೆ ಕಾಯಬಾರದು. ಏಲಕ್ಕಿ ಹಾಕಿ ಬಿಸಿಯಿರುವಾಗಲೇ ನುಣ್ಣಗೆ ಅರೆದರೆ ಹೂರಣ ಸಿದ್ಧ.

ಹೂರಣ ಎಂಬ ಪದದಲ್ಲಿ ಒಂದು ಚರಿತ್ರೆ ಅಡಗಿದೆ. ಸಂಸ್ಕೃತದ ಪೂರಣ ಮರಾಠಿಯಲ್ಲಿ ಪಕಾರವನ್ನು ಉಳಿಸಿಕೊಂಡಿತು. ಕನ್ನಡದಲ್ಲಿ ಪಾಲು ಹಾಲಾದ ದಾರಿಯಲ್ಲೇ ಅದೂ ಹಕಾರಕ್ಕೆ ತಿರುಗಿತು. ಆ ಧ್ವನಿ ಬದಲಾವಣೆಗೆ ಮುಂಚೆಯೇ ಪದ ನಮ್ಮ ಅಡುಗೆಮನೆ ಸೇರಿತ್ತೆಂದು ಇದು ಸೂಚಿಸುತ್ತದೆ. ಹೋಳಿಗೆ ಮತ್ತು ಪೋಳಿಗಳ ನಡುವೆ ಇರುವುದೂ ಇದೇ ಅಂತರ.

ಕಣಕದಲ್ಲಿ ದಾರಿ ಕವಲೊಡೆಯುತ್ತದೆ. ಸೊಲ್ಲಾಪುರದ ಕಡೆ ಗೋಧಿಹಿಟ್ಟಿನ ಕಣಕಕ್ಕೆ ಹೂರಣದ ಉಂಡೆಯಿಟ್ಟು, ಒಣಹಿಟ್ಟು ಉದುರಿಸಿ ಲಟ್ಟಿಸುತ್ತಾರೆ. ಮೈಸೂರು ಸೀಮೆಗೆ ತಾಗಿದ ದಕ್ಷಿಣದ ಗಡಿಯಲ್ಲಿ ಮೈದಾ ಅಥವಾ ಚಿರೋಟಿ ರವೆಯನ್ನು ಕೈಗಂಟುವಷ್ಟು ಸಡಿಲವಾಗಿ ಕಲಸಿ, ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಎರಡು ಗಂಟೆ ನೆನೆಯಲು ಬಿಡುತ್ತಾರೆ. ನಾದಿದಾಗ ಬಿಗಿದ ಹಿಟ್ಟಿನ ಜಿಗುಟು ಈ ಹೊತ್ತಿನಲ್ಲಿ ಸಡಿಲಗೊಳ್ಳುವುದರಿಂದ ಅದು ಹರಿಯದೆ ಹಿಗ್ಗುತ್ತದೆ. ಇಂಥ ಕಣಕಕ್ಕೆ ಲಟ್ಟಣಿಗೆ ಒಗ್ಗದು. ಎಣ್ಣೆ ಸವರಿದ ಬಾಳೆಲೆಯ ಮೇಲೆ ಬೆರಳಿನಿಂದ ತಟ್ಟಬೇಕು. ಲಟ್ಟಿಸು ಎಂಬುದರ ನಂಟು ಮರಾಠಿಯ ಲಾಟಣೆಯೊಂದಿಗೆ. ತಟ್ಟು ತಮಿಳು, ತೆಲುಗುಗಳಿಗೂ ಸೇರಿದ ಮಾತು. ಹಿಟ್ಟಿನ ಹದ ಬದಲಾದಲ್ಲಿ ಕ್ರಿಯಾಪದವೂ ಬದಲಾಗಿದೆ. ಕಾಸರಗೋಡಿನಲ್ಲಿ ಕಾಯಿಹೋಳಿಗೆಯನ್ನು ತೆಳ್ಳಗೆ ಲಟ್ಟಿಸುವುದುಂಟು. ಆದ್ದರಿಂದ ಈ ಎರಡು ಪದಗಳ ನಡುವೆ ನಕ್ಷೆಯಲ್ಲಿ ಸರಳರೇಖೆ ಎಳೆಯುವಂತಿಲ್ಲ.

ಕಣಕ, ಹೂರಣ ಎರಡೂ ಮುಟ್ಟಿದರೆ ಒಂದೇ ಮೆದುವಿನಲ್ಲಿರಬೇಕು. ಹೂರಣ ಗಟ್ಟಿಯಾದರೆ ನಡುವೆಯೇ ಉಳಿದು ಅಂಚು ಬರಿದಾಗುತ್ತದೆ. ನೀರಾದರೆ ಒಸರಿ ಹೆಂಚಿಗೆ ಹತ್ತುತ್ತದೆ. ಈ ಸಾಮ್ಯಕ್ಕೆ ಹದ ಎಂಬುದೊಂದೇ ಹೆಸರು. ಅದನ್ನು ಪ್ರಶ್ನಾವಳಿಯಿಂದ ಪಡೆಯಲಾಗದು. ಯುಗಾದಿಯ ಹಿಂದಿನ ದಿನ, ಹಿಟ್ಟಿಗೆ ಕೈಹಾಕಿದ ಅಜ್ಜಿಯ ಪಕ್ಕದಲ್ಲಿ ಕುಳಿತೇ ಕೇಳಬೇಕು. ಮೊಮ್ಮಗಳು ಮರಾಠಿಯಲ್ಲೋ ತೆಲುಗಿನಲ್ಲೋ ಉತ್ತರಿಸುತ್ತಿದ್ದರೆ ಅದನ್ನೂ ಬರೆದುಕೊಳ್ಳಬೇಕು.

ಬಸಿದಿಟ್ಟ ಕಟ್ಟನ್ನು ಚೆಲ್ಲಬಾರದು. ಹುಣಸೆ, ಖಾರ, ಒಂದಿಷ್ಟು ಹೂರಣ ಸೇರಿಸಿ ಕುದಿಸಿದರೆ ಕಟ್ಟಿನ ಸಾರು. ಮರಾಠಿಗರಿಗೆ ಅದೇ ಕಟಾಚಿ ಆಮಟಿ. ಹಬ್ಬದ ಮರುದಿನ ಅದರ ರುಚಿ ಹೆಚ್ಚು.