ಕಡವಾಡದ ಕೋಠಿಯಲ್ಲಿ ಯಾರ ಸೊತ್ತು ಯಾರದು?

1665ರ ಫೆಬ್ರುವರಿ. ಬಸರೂರನ್ನು ಸೂರೆ ಮಾಡಿದ ಶಿವಾಜಿ ಗೋಕರ್ಣ, ಅಂಕೋಲೆಗಳನ್ನು ಹಾದು ಕಾರವಾರಕ್ಕೆ ಬರುತ್ತಿದ್ದಾನೆಂಬ ಸುದ್ದಿ ಅಲ್ಲಿನ ಇಂಗ್ಲಿಷರ ವ್ಯಾಪಾರದ ಕೋಠಿಗೆ ಮುಟ್ಟಿತು. ಕೋಠಿಯವರು ಜೀವಕ್ಕಿಂತ ಮೊದಲು ಸಾಮಾನಿನ ಚಿಂತೆ ಮಾಡಿದರು. ಈಸ್ಟ್ ಇಂಡಿಯಾ ಕಂಪನಿಯ ನಗದು, ಹೊತ್ತೊಯ್ಯಬಹುದಾದ ಬೆಲೆಬಾಳುವ ವಸ್ತು ಎಲ್ಲವನ್ನೂ ನದಿಯಲ್ಲಿ ಲಂಗರು ಹಾಕಿದ್ದ ಮಸ್ಕತ್ ಇಮಾಮನ ಪುಟ್ಟ ಹಡಗಿಗೆ ಸಾಗಿಸಿದರು. ಕೊನೆಗೆ ಊರಿನ ವರ್ತಕರೆಲ್ಲ ಸೇರಿ ಶಿವಾಜಿಗೆ ಕಾಣಿಕೆ ಸಲ್ಲಿಸಿದಾಗ ಇಂಗ್ಲಿಷರ ಪಾಲಿಗೆ ಬಂದದ್ದು 112 ಪೌಂಡು.

ಈ ಮೊತ್ತದ ಪಕ್ಕದಲ್ಲಿ ಅವರ ಸಂಬಳವನ್ನಿಟ್ಟು ನೋಡಬೇಕು. ಆ ಕಾಲದ ಕಂಪನಿಯಲ್ಲಿ ರೈಟರ್ ಎನಿಸಿಕೊಂಡ ಕಿರಿಯ ಗುಮಾಸ್ತನಿಗೆ ವರ್ಷಕ್ಕೆ 10 ಪೌಂಡು, ಫ್ಯಾಕ್ಟರನಿಗೆ 20, ಹಿರಿಯ ಫ್ಯಾಕ್ಟರನಿಗೆ 30, ಮರ್ಚಂಟ್ ದರ್ಜೆಯವನಿಗೆ 40. ಇಷ್ಟರಲ್ಲಿ ದೊಡ್ಡ ಮನುಷ್ಯನಾಗಿ ಬಾಳುವುದು ಸಾಧ್ಯವೇ ಇರಲಿಲ್ಲ. ಆದರೂ ಅವರು ಹಾಗೆಯೇ ಬಾಳಿದರು. ನಮ್ಮ ಕರಾವಳಿಯಲ್ಲಿ ‘ಸಾಹೇಬ’ ಎಂಬ ವ್ಯಕ್ತಿ ರೂಪುಗೊಂಡದ್ದು ಸಂಬಳದಿಂದಲ್ಲ, ಸೊತ್ತಿನಿಂದ.

ಕಾರವಾರದ ಹಬ್ಬುವಾಡದಿಂದ ಒಳನಾಡಿನತ್ತ ಹೊರಟರೆ ಕಾಳಿ ನದಿಯ ಬದಿಯಲ್ಲಿ ಕಡವಾಡ ಸಿಗುತ್ತದೆ. ಸರ್ ವಿಲಿಯಂ ಕೋರ್ಟೀನನ ವ್ಯಾಪಾರಿ ಕೂಟ 1638ರಲ್ಲಿ ಇಲ್ಲಿ ನೆಲೆಯೂರಿತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಘಟ್ಟದಿಂದ ಕಾಳುಮೆಣಸು, ಹುಬ್ಬಳ್ಳಿ ಸೀಮೆಯಿಂದ ನವಿರಾದ ಮಸ್ಲಿನ್ ಬಟ್ಟೆ ಇಳಿದು ಬಂದು ಇಲ್ಲಿಂದ ಹಡಗೇರುತ್ತಿದ್ದವು. ಏಷ್ಯಾದ ಬಂದರುಗಳ ನಡುವೆ ಸ್ವಂತ ವ್ಯಾಪಾರ ಮಾಡಿಕೊಳ್ಳಲು ನೌಕರರಿಗೆ ಕಂಪನಿಯೇ ಅವಕಾಶ ಕೊಟ್ಟಿತ್ತು. ಹೀಗಾಗಿ ಒಂದೇ ಮಾಡಿನ ಕೆಳಗೆ ಕಂಪನಿಯ ಮೂಟೆಯೂ ಸ್ವಂತದ ಮೂಟೆಯೂ ಸೇರಿಕೊಂಡವು. ಯಾವುದು ಯಾರದೆಂಬ ಗೋಜಲು ಹುಟ್ಟಿದ್ದು ಅಲ್ಲಿಯೇ.

ಕೈಗೆ ಹಣ ಬಂದ ಮೇಲೆ ಅದು ನಾಲ್ಕು ಜನರ ಕಣ್ಣಿಗೂ ಬೀಳಬೇಕು. ಇದಕ್ಕೆ ಕೊಡೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮಲ್ಲಿ ಛತ್ರ ಚಾಮರಗಳು ಅರಸರಿಗೆ, ದೇವರ ಉತ್ಸವಕ್ಕೆ ಮೀಸಲಾಗಿದ್ದವು. ಇಂಗ್ಲಿಷರು ಅದನ್ನು ಬಹುಬೇಗ ಅರಿತುಕೊಂಡರು. 1670ರ ದಶಕದ ಕೊನೆಯಲ್ಲಿ ಮದರಾಸಿನ ಕೋಟೆ ಹೊರಡಿಸಿದ ಒಂದು ಕಟ್ಟಳೆ ಆಳಿನ ಕೈಯಲ್ಲಿ ತಲೆಗೆ ಕೊಡೆ ಹಿಡಿಸಿಕೊಳ್ಳುವ ಹಕ್ಕು ಯಾರಿಗುಂಟು ಎಂಬುದನ್ನು ಹೆಸರಿಸಿಯೇ ಗೊತ್ತುಮಾಡಿತು: ಕೌನ್ಸಿಲ್ ಸದಸ್ಯರು, ಕೋಠಿಗಳ ಮುಖ್ಯಸ್ಥರು, ಇಂಗ್ಲೆಂಡಿನಿಂದ ಬಂದ ಹಡಗುಗಳ ಕಪ್ತಾನರು, ಪಾದ್ರಿಗಳು. ಹೆಂಗಸರಲ್ಲಿ ಫ್ಯಾಕ್ಟರನ ಹೆಂಡತಿಗಿಂತ, ಸೈನ್ಯದ ಎನ್‌ಸೈನನ ಹೆಂಡತಿಗಿಂತ ಕೆಳಗಿನವರಿಗೆ ಗವರ್ನರನ ಅಪ್ಪಣೆಯಿಲ್ಲದೆ ಕೊಡೆಯಿಲ್ಲ. ಬಿಸಿಲು ಮಾತ್ರ ಎಲ್ಲರ ತಲೆಯನ್ನೂ ಒಂದೇ ಸಮ ಸುಡುತ್ತಿತ್ತು. ಹತ್ತು ಪೌಂಡಿನ ಗುಮಾಸ್ತ ಒಂದು ಕೊಡೆ ಕೊಳ್ಳಲಾರದಷ್ಟು ಬಡವನಾಗಿರಲಿಲ್ಲ. ಕೊಂಡರೂ ಅದರ ನೆರಳಲ್ಲಿ ಬೀದಿಗಿಳಿಯುವಂತಿರಲಿಲ್ಲ, ಅಷ್ಟೆ.

ಆ ಕಾಲದಲ್ಲಿ ಕಾರವಾರದ ಇನ್ನೊಂದು ಹೆಗ್ಗಳಿಕೆ ಬೇಟೆಯಾಗಿತ್ತು. 1727ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಕಪ್ತಾನ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಇಲ್ಲಿನ ಕಾಡಿನ ಹುಲಿ, ಜಿಂಕೆ, ಕಾಡುಕೋಣಗಳನ್ನು ಮನತುಂಬಿ ವರ್ಣಿಸುತ್ತಾನೆ. ಗೋರಿಂಗ್ ಪ್ರಭುವಿನ ಮಗನೂ ಜರ್ಮನಿಯ ಲೆಂಬರ್ಗ್ ಮನೆತನದವನೊಬ್ಬನೂ ತಮ್ಮ ಗುರುತು ಮರೆಸಿ, ಕಂಪನಿಯ ಹಡಗು ಹತ್ತಿ, ಬೇಟೆಗೆಂದೇ ಇಲ್ಲಿಗೆ ಬಂದಿದ್ದರೆಂದು ಅವನೇ ಬರೆದಿದ್ದಾನೆ. ಊರಲ್ಲಿ ಹುಟ್ಟಿನಿಂದಲೇ ಗೌರವ ಪಡೆದವರು ಇಲ್ಲಿಗೆ ಬಂದು ಅದನ್ನು ಮುಚ್ಚಿಟ್ಟರು. ಊರಲ್ಲಿ ಏನೂ ಆಗಿರದವರು ಇಲ್ಲಿ ಆಳು, ಪಲ್ಲಕ್ಕಿ, ಕೊಡೆಗಳಿಂದ ಗೌರವವನ್ನು ಕಟ್ಟಿಕೊಂಡರು.

ಅಂಥವರು ಸತ್ತರೆ ಸೊತ್ತಿನ ಯಾದಿ ತಯಾರಾಗುತ್ತಿತ್ತು. ಅಂಗಿ, ಕತ್ತಿ, ಮಂಚ, ಬೆಳ್ಳಿ ಚಮಚ ಎಲ್ಲ ಲಿಲಾವಿಗೆ ಹೋಗುತ್ತಿದ್ದವು. ಮುಂದಿನ ಕಾಲದ ಇಂಥ ಯಾದಿಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಇಂದಿಗೂ ಕಾಪಾಡಿಕೊಂಡಿದೆ. ಪಲ್ಲಕ್ಕಿ ಹೊತ್ತ, ಕೊಡೆ ಹಿಡಿದ, ಮೆಣಸಿನ ಮೂಟೆ ಇಳಿಸಿದ ನಮ್ಮ ಜನರ ಮನೆಯಲ್ಲಿ ಏನೇನಿತ್ತೆಂದು ಯಾರೂ ಬರೆದಿಡಲಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಈ ಸೊತ್ತಿನ ಲೋಕ ಒಂದು ಹುಡುಗಿಯನ್ನು ಹೇಗೆ ಅರೆದುಹಾಕಿತು ಎಂಬುದು ಕಾರವಾರದಲ್ಲೇ ಶುರುವಾಗುವ ಕಥೆ. 1709ರ ಅಕ್ಟೋಬರಿನಲ್ಲಿ ಬಂಗಾಳಕ್ಕೆ ಹೊರಟಿದ್ದ ‘ಲಾಯಲ್ ಬ್ಲಿಸ್’ ಹಡಗು ಇಲ್ಲಿ ತಂಗಿತು. ಅದರಲ್ಲಿದ್ದ ಕಪ್ತಾನ ಜೆರಾರ್ಡ್ ಕುಕ್‌ನ ಮಗಳು ಕ್ಯಾಥರೀನ್‌ಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ಕೋಠಿಯ ಮುಖ್ಯಸ್ಥ ಜಾನ್ ಹಾರ್ವೆ ವಯಸ್ಸಾದವನು, ಅಂಗವಿಕಲ. ಅವಳನ್ನು ತನಗೆ ಮದುವೆ ಮಾಡಿಕೊಟ್ಟರೆ ಅವಳ ಹೆಸರಿಗೆ ಭಾರಿ ಆಸ್ತಿ ಬರೆದುಕೊಡುವುದಾಗಿ ಅವನು ಹೇಳಿದ, ಹೆತ್ತವರು ಒಪ್ಪಿದರು. ಇದನ್ನೆಲ್ಲ ಬರೆದಿಟ್ಟವನು ಕ್ಲೆಮೆಂಟ್ ಡೌನಿಂಗ್, 1737ರ ತನ್ನ ಪುಸ್ತಕದಲ್ಲಿ.

ಹಾರ್ವೆ ಬೇಗನೆ ತೀರಿಕೊಂಡ. ಅವನ ಲೆಕ್ಕ ಕಂಪನಿಯ ಲೆಕ್ಕದೊಳಗೆ ಸಿಕ್ಕಿಕೊಂಡಿದ್ದರಿಂದ ವಿಧವೆಯ ಪಾಲು ಸುಲಭಕ್ಕೆ ಕೈಗೆ ಬರಲಿಲ್ಲ. ಅವಳು ಥಾಮಸ್ ಚೌನ್ ಎಂಬ ಫ್ಯಾಕ್ಟರನನ್ನು ಮದುವೆಯಾದಳು. 1712ರ ನವೆಂಬರಿನಲ್ಲಿ ಅವನು ಕಾರವಾರದ ಮುಖ್ಯಸ್ಥನಾಗಿ ಮುಂಬಯಿಯಿಂದ ಹೊರಟಾಗ ಮರಾಠಾ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆಯ ಹಡಗುಗಳು ಮುತ್ತಿದವು. ಗುಂಡು ತಗುಲಿ ಚೌನ್ ಸತ್ತ. ಅವಳು ಆಂಗ್ರೆಯ ಕೊಲಾಬಾ ಕೋಟೆಯಲ್ಲಿ ಸೆರೆಯಾದಳು. ಮರುವರ್ಷದ ಫೆಬ್ರುವರಿಯಲ್ಲಿ 30,000 ರೂಪಾಯಿ ತೆತ್ತು ಬಿಡಿಸಿಕೊಳ್ಳಲು ಹೋದ ಲೆಫ್ಟಿನೆಂಟ್ ಮ್ಯಾಕಿಂಟಾಷ್ ತನ್ನ ಬಟ್ಟೆಯನ್ನೇ ಅವಳಿಗೆ ಹೊದಿಸಿ ಕರೆತರಬೇಕಾಯಿತು. ಅಷ್ಟು ಹಣಕ್ಕೆ ಬಿಡುಗಡೆಯಾದವಳ ಮೈಮೇಲೆ ಉಡಲು ನೆಟ್ಟಗೆ ಬಟ್ಟೆಯಿರಲಿಲ್ಲ.

ಮೂರನೆಯ ಗಂಡ ವಿಲಿಯಂ ಗಿಫರ್ಡ್ ಕೇರಳದ ಅಂಜೆಂಗೊ ಕೋಠಿಯ ಮುಖ್ಯಸ್ಥನಾದ. 1721ರಲ್ಲಿ ಅಟ್ಟಿಂಗಲ್‌ನಲ್ಲಿ ಕೊಲೆಯಾದ. ಈ ಸಲ ಕ್ಯಾಥರೀನ್ ಬರಿಗೈಯಲ್ಲಿ ಹೊರಡಲಿಲ್ಲ. ಗಂಡನ ಹಣವನ್ನೂ ಲೆಕ್ಕದ ಪುಸ್ತಕಗಳನ್ನೂ ಜೊತೆಗೆ ಒಯ್ದಳು. ಅದರಲ್ಲಿ ಕಂಪನಿಯ ಹಣವೂ ಇದೆಯೆಂದು ಕಂಪನಿ ಪಟ್ಟುಹಿಡಿಯಿತು. ಕಾರವಾರದಲ್ಲಿ ಹಾರ್ವೆಯ ಲೆಕ್ಕ ಸಿಕ್ಕಿಕೊಂಡಿದ್ದಾಗ ಕಾದು ಕಾದು ಸೋತವಳು ಅವಳೇ. ಈಗ ಪುಸ್ತಕಗಳು ಅವಳ ಕೈಲಿದ್ದವು, ಕಾಯುವ ಸರದಿ ಕಂಪನಿಯದಾಗಿತ್ತು. ಅವಳು ಮುಂಬಯಿಯ ಅಧಿಕಾರಿಗಳ ಮಾತಿಗೆ ಮಣಿಯಲಿಲ್ಲ. ಬ್ರಿಟಿಷ್ ನೌಕಾಪಡೆಯ ಕಮೊಡೋರ್ ಮ್ಯಾಥ್ಯೂಸ್‌ನ ಆಶ್ರಯ ಪಡೆದು ಅವನ ಹಡಗಿನಲ್ಲೇ ಇಂಗ್ಲೆಂಡಿಗೆ ಹೊರಟಳು. ಕಂಪನಿ ಅಲ್ಲಿಯೂ ಬೆನ್ನು ಬಿಡದೆ ದಾವೆ ಹೂಡಿತು.