ಕಾರ್ಕಳದ ಗೊಮ್ಮಟನಿಗೆ ಎರಡು ಇಸವಿ

ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು ಯಾವ ಇಸವಿಯಲ್ಲಿ? ಮೊಬೈಲಿನಲ್ಲಿ ಹುಡುಕಿದ ಹುಡುಗ 1432 ಎಂದು ಬರೆಯುತ್ತಾನೆ. ಶಾಸನದಲ್ಲಿರುವ ಶಕವರ್ಷ 1353ಕ್ಕೆ 78 ಕೂಡಿಸಿದ ಹುಡುಗಿ 1431 ಎನ್ನುತ್ತಾಳೆ. ಹುಡುಗನ ಉತ್ತರಕ್ಕೆ ಸರಿ ಗುರುತು ಹಾಕಿ ಮುಂದೆ ಹೋದರೆ ಆ ದಿನದ ಒಳ್ಳೆಯ ಪಾಠವೇ ಕೈತಪ್ಪಿದಂತೆ.

ಇಬ್ಬರನ್ನೂ ಶಾಸನದ ಮುಂದಿನ ಸಾಲಿಗೆ ಕರೆದೊಯ್ಯಬೇಕು. ಅರಸ ವೀರಪಾಂಡ್ಯ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಶಕವರ್ಷ ಶುರುವಾಗುವುದು ಚೈತ್ರದಲ್ಲಿ; ಫಾಲ್ಗುಣ ಬರುವಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರು ಹೊಸ ವರ್ಷಕ್ಕೆ ಕಾಲಿಟ್ಟಾಗಿರುತ್ತದೆ. ಆದ್ದರಿಂದ ಆ ದಿನ 1432ರ ಫೆಬ್ರವರಿ 13. ಹುಡುಗಿ ತಪ್ಪಿದ್ದು ಒಂದು ಹೆಜ್ಜೆ ಮಾತ್ರ, ಆದರೆ ಅವಳು ಮೂಲಕ್ಕೆ ಹೋಗಿದ್ದಳು. ಹುಡುಗನ ಉತ್ತರ ಸರಿಯಿದ್ದರೂ ಅದು ಏಕೆ ಸರಿ ಎಂದು ಅವನಿಗೆ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಹೆಚ್ಚು ಅಂಕ ಹುಡುಗಿಗೇ ಸಲ್ಲಬೇಕು.

ಕಾಪುವಿನ ಮಕ್ಕಳಿಗೆ ಇನ್ನೊಂದು ಬಗೆಯ ಪಾಠ ಊರಲ್ಲೇ ಇದೆ. 1901ರ ದೀಪಸ್ತಂಭ ಕದಲಿಲ್ಲ, ಆದರೆ ಹಳೆಯ ಪುಸ್ತಕದಲ್ಲಿ ಅದು ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ತಾಲೂಕಿನಲ್ಲಿದೆ. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಕಾಪು ತಾಲೂಕಾಯಿತು. ಪುಸ್ತಕ ಸುಳ್ಳು ಹೇಳಿಲ್ಲ. ಅದು ಅಚ್ಚಾದ ವರ್ಷವನ್ನು ನಾವು ನೋಡಲಿಲ್ಲ, ಅಷ್ಟೆ.

ಕಾಲೇಜಿಗೆ ಬಂದವರು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟನ್ನು ತೆರೆಯಲಿ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಕೆಲಸ ಅದು. ಒಂದೇ ಮಾತನ್ನು ಬೇರೆ ಬೇರೆ ಪ್ರದೇಶದವರು, ಸಮುದಾಯದವರು ಹೇಗೆ ಆಡುತ್ತಾರೆ ಎಂಬುದಕ್ಕೆ ಅಲ್ಲಿ ಜಾಗವಿದೆ. ಯಾರಿಂದ ಬಂದ ಮಾಹಿತಿ ಎಂದು ಗುರುತಿಟ್ಟುಕೊಳ್ಳುವ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಮಣಿಪಾಲದಲ್ಲಿ ವೈದ್ಯಕೀಯ ಓದುವವರಿಗೆ ಇದೇ ಪ್ರಶ್ನೆ ರೋಗಿಯ ಜೀವಕ್ಕೆ ತಾಗುತ್ತದೆ. ಈ ಔಷಧವನ್ನು ಎಷ್ಟು ಜನರ ಮೇಲೆ ಪರೀಕ್ಷಿಸಿದರು? ಹಣ ಕೊಟ್ಟವರು ಯಾರು? ಬೇರೆಯವರು ಮಾಡಿ ನೋಡಿದಾಗಲೂ ಇದೇ ಫಲ ಬಂತೇ? ಪ್ರಬಂಧದ ಸಾರಾಂಶ ಮಾತ್ರ ಓದಿದವರಿಗೆ ಇವಕ್ಕೆಲ್ಲ ಉತ್ತರ ಸಿಗುವುದಿಲ್ಲ.

2019ರಲ್ಲಿ ಯುಜಿಸಿ, ಪಿಎಚ್‌.ಡಿ.ಗೆ ಸೇರಿದವರೆಲ್ಲ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಎರಡು ಕ್ರೆಡಿಟ್‌ಗಳ ಪಾಠವಾಗಿ ಕಲಿಯಬೇಕು ಎಂದಿತು. ಒಳ್ಳೆಯ ನಿಯಮವೇ. ಆದರೆ ಆ ವಿದ್ಯಾರ್ಥಿ ಏಳನೇ ತರಗತಿಯಿಂದಲೇ ಜಾಲತಾಣದ ಪುಟಗಳನ್ನು ಪ್ರಿಂಟ್ ತೆಗೆಸಿ, ಬಣ್ಣದ ಹಾಳೆಗೆ ಅಂಟಿಸಿ, ಅದಕ್ಕೆ ಪೂರ್ಣಾಂಕ ಪಡೆದು ಬಂದವನಾಗಿರಬಹುದು. ಇಷ್ಟು ವರ್ಷ ನಾವೇ ಬೆಳೆಸಿದ ರೂಢಿ ಎರಡು ಕ್ರೆಡಿಟ್‌ಗೆ ಬಿಟ್ಟುಹೋಗದು. ಹೆಚ್ಚಿನ ಸರಕಾರಿ ಶಾಲೆಗಳಲ್ಲಿ ಗ್ರಂಥಪಾಲಕರಿಲ್ಲ, ನಿಜ. ಆದರೂ ಪ್ರಾಜೆಕ್ಟಿನ ಕೊನೆಗೆ ‘ಇದು ನನಗೆ ಎಲ್ಲಿ ಸಿಕ್ಕಿತು, ಬರೆದವರು ಯಾರು, ಯಾವ ವರ್ಷದ್ದು’ ಎಂದು ಮೂರು ಸಾಲು ಬರೆಸಿ, ಹತ್ತರಲ್ಲಿ ನಾಲ್ಕು ಅಂಕ ಅದಕ್ಕೇ ಇಡುವುದನ್ನು ಈ ಜೂನ್‌ನಿಂದಲೇ ಶುರುಮಾಡಬಹುದು.